ಸಾಹೇಬ್ರನ್ನ ಕೇಳಿ ಹೇಳತೇನಿ

ನವೆಂಬರ್ 6, ಬುಧವಾರ

ಬೆಳಿಗ್ಗೆ ಮತ್ತೆ ಗಾಡಿ ಸ್ಟಾರ್ಟ್ ಆಗಲಿಲ್ಲ. ಪಕ್ಕದ ಮನೆಯ ಹುಡುಗ ಮಜರ ಬಂದು ತಳ್ಳಿದ. ವಾಸ್ಕೋದ ಈ ಮಂಗೋರ್ ಹಿಲ್‌ನಲ್ಲಿ ಇರುವುದರ ಒಂದೇ ಲಾಭ — ಎಲ್ಲಾ ಇಳಿಜಾರು, ಸ್ವಲ್ಪ ದೂಡಿದರೆ ಈಕೋ ವ್ಯಾನ್ ತಾನೇ ಓಡುತ್ತದೆ. ಬ್ಯಾಟರಿ ಬದಲಿಸಬೇಕು. ಫಿನೈಲ್ ತರಬೇಕು. ಮಾಪ್ ಬಟ್ಟೆ ಮುಗಿದಿದೆ.

ಪಣಜಿಯಿಂದ ಪ್ರಿಂಟಿಂಗ್ ಪ್ರೆಸ್‌ನವನ ಫೋನ್. ಇದು ಮೂರನೇ ಸಲ. ವಿಸಿಟಿಂಗ್ ಕಾರ್ಡ್ ಎಲ್ಲಾ ರೆಡಿಯಂತೆ. ಜಿ.ಎ. ಹೌಸ್‌ಕೀಪಿಂಗ್ ಪ್ರೈವೇಟ್ ಲಿಮಿಟೆಡ್ — ಗೀತಾಂಜಲಿ ಅನ್ನುವ ನನ್ನ ಜಿ, ಅನೀಸಳ ಎ. ಪೊರಕೆ ಚಿತ್ರ ಬೇಡ ಅಂದಿದ್ದೆ, ತೆಗೆದಿದ್ದಾನೆ. ನನ್ನ ಹೆಸರಿನ ಕೆಳಗಿನ ಸಾಲು ಮಾತ್ರ ಖಾಲಿ. "ಮ್ಯಾಡಂ, ಪೋಸ್ಟ್ ಏನು ಹಾಕಲಿ?" ನಾಳೆ ಹೇಳುತ್ತೇನೆ ಅಂದೆ. ನಿನ್ನೆಯೂ ಹಾಗೇ ಅಂದಿದ್ದೆ.

ಏನು ಹಾಕಿಸುವುದು... ಕಾಗದದ ಮೇಲೆ ನಾನೂ ಅನೀಸಳೂ ಡೈರೆಕ್ಟರ್. ಶುರು ಮಾಡಿದವಳು ನಾನು, ಅವಳು ಆಮೇಲೆ ಸೇರಿದಳು. ಹಾಗಾದರೆ ನಾನು ಫೌಂಡರ್. ಎಂ.ಡಿ. ಅಂದರೆ ಡಾಕ್ಟರ್ ಅಂದುಕೊಳ್ಳುತ್ತಾರೆ. ಸಿ.ಇ.ಓ. ಅಂದಾಗ ಅನೀಸ ಕ್ಯಾಲ್ಕ್ಯುಲೇಟರ್ ಕೆಳಗಿಟ್ಟು ನಕ್ಕಳು. "ನಾಕ ಬಕೀಟಿಗೆ ಒಬ್ಬ ಸಿ.ಇ.ಓ. ಏನ? ನನ್ನ ಕಾರ್ಡಿಗೆ ಅಕೌಂಟ್ಸ್ ಅಂತ ಹಾಕಸು, ಮುಗೀತು. ನಿಂದ ನೀ ನೋಡ್ಕೋ." ಅವಳಿಗೇನು, ಆಫೀಸಿನಲ್ಲಿ ಕೂರುತ್ತಾಳೆ. ಜನರ ಮುಖ ನೋಡಬೇಕಾದವಳು ನಾನು.

ಅವ್ವನೂ ಅದನ್ನೇ ಕೇಳುತ್ತಾಳೆ. "ಮಂದಿ ಕೇಳಿದ್ರ ನೀ ಏನ ಅದಿ ಅಂತ ಹೇಳ್ಲಿ?" ಕಂಪನಿ ಐತಿ ಅನ್ನು ಅಂದೆ. "ಕಂಪನಿ ಐತಿ ಖರೇ. ಕಂಪನ್ಯಾಗ ಏನ?" ಸ್ನಾನಕ್ಕೆ ಹೋದೆ.

ನವೆಂಬರ್ 7, ಗುರುವಾರ

ದೋನಾ ಪಾವ್ಲಾದ ಅಪಾರ್ಟ್‌ಮೆಂಟ್ ಸೊಸೈಟಿ. ಸಿಕ್ಕರೆ ನಮ್ಮ ಅತಿ ದೊಡ್ಡ ಕೆಲಸ. ಸೆಕ್ರೆಟರಿ ನನ್ನನ್ನು ನೋಡಿದ, ನನ್ನ ಹಿಂದಿನ ಬಾಗಿಲು ನೋಡಿದ. "ನಿಮ್ಮ ಸರ್ ಗಾಡಿ ಪಾರ್ಕ್ ಮಾಡ್ತಿದ್ದಾರಾ?" ಸರ್ ಯಾರೂ ಇಲ್ಲ, ಕಂಪನಿ ನನ್ನದೇ ಅನ್ನುವುದು ತುದಿ ನಾಲಿಗೆಯಲ್ಲಿತ್ತು. ಹೋದ ತಿಂಗಳು ಇನ್ನೊಂದು ಕಡೆ ಹಾಗೆ ಹೇಳಿ ಕೆಟ್ಟಿದ್ದೆ. ಮಾಲೀಕಳು ನೀವೇ ಅಲ್ವಾ, ಹಾಗಿದ್ದರೆ ರೇಟ್ ಇಲ್ಲೇ ಇಳಿಸಿ, ಈಗಲೇ ಇಳಿಸಿ ಅಂತ ಹಿಡಿದುಕೊಂಡು, ಕೈ ತಿರುಚಿದ ಹಾಗೆ ಒಪ್ಪಿಸಿದ್ದರು.

ಇವತ್ತೂ ರೇಟಿನ ಮಾತು ಬಂತು. ಬಾಯಿಗೆ ಬಂದದ್ದು ಬೇರೆಯೇ — "ನಾನು ಮ್ಯಾನೇಜರ್. ಸಾಹೇಬ್ರನ್ನ ಕೇಳಿ ಹೇಳ್ತೀನಿ."

ಸೆಕ್ರೆಟರಿ ಕುರ್ಚಿ ತೋರಿಸಿದ. ಚಹಾ ತರಿಸಿದ. "ಹೌದು ಹೌದು, ಕೇಳಿ, ಕೇಳಿ." ಹೊರಗೆ ಹೋಗಿ ಗಾಡಿ ಪಕ್ಕ ನಿಂತು ಫೋನ್ ಕಿವಿಗಿಟ್ಟೆ. ಆ ಕಡೆ ಯಾರೂ ಇಲ್ಲ. ಒಳಗೆ ಬಂದು ಸಾಹೇಬರು ಆಗಲ್ಲ ಅಂದರು ಅಂದೆ. ಅದೇ ರೇಟಿಗೆ ಒಪ್ಪಿದ.

ಖುಷಿಯಾಯಿತು. ಮೈಯೆಲ್ಲ ಒಂಥರಾ ತುರಿಕೆಯೂ ಆಯಿತು. ದಾರಿಯಲ್ಲೇ ಪ್ರೆಸ್‌ನವನಿಗೆ ಫೋನ್ ಮಾಡಿ 'ಮ್ಯಾನೇಜರ್' ಅಂತ ಹಾಕಿಸಿದೆ.

ನವೆಂಬರ್ 11, ಸೋಮವಾರ

ಹೊಸ ಗ್ಯಾಂಗ್. ಆರು ಮಂದಿ, ಎಲ್ಲರೂ ಪಣಜಿ ಹತ್ತಿರದ ಚಿಂಬಲ್‌ನವರು, ಎಲ್ಲರೂ ನಮ್ಮ ಉತ್ತರ ಕರ್ನಾಟಕದ ಕಡೆಯವರೇ. ಇಷ್ಟು ದಿನ ಗಾರೆ ಕೆಲಸ ಮಾಡಿದವರು. ನನ್ನನ್ನು ಯಾರೂ ಅರಿಯರು, ಅದೇ ಒಳ್ಳೆಯದು. ಮಂಗೋರ್ ಹಿಲ್‌ನಲ್ಲಿ ಕೆಲಸಕ್ಕಿಟ್ಟುಕೊಂಡಿದ್ದ ಇಬ್ಬರು, 'ನೀ ಯಲ್ಲವ್ವನ ಮಗಳಲ್ಲೇನ, ನಮಗೆಂಥಾ ರೂಲ್ಸ' ಅಂತ ಹತ್ತು ಗಂಟೆಗೆ ಬರುತ್ತಿದ್ದರು.

ಭಾಗವ್ವ ಹಿರಿಯಳು, ಐವತ್ತು ದಾಟಿರಬೇಕು. ಮುಂದಿನ ಸೀಟು ತನ್ನದೇ ಅನ್ನುವ ಹಾಗೆ ಹತ್ತಿ ಕೂತಳು. ಗೋಮಿಬಾಯಿ ಚಿಕ್ಕವಳು, ಮಾತಿಗೆ ಬ್ರೇಕ್ ಇಲ್ಲ. ಪಣಜಿ ಸಿಗ್ನಲ್‌ನಲ್ಲಿ ಕೇಳಿದಳು — "ಬಾಯಾರ, ನೀವು ಮ್ಯಾನೇಜರ್. ಮಾಲಕರು ಯಾರ್ರಿ?"

ಎದುರಿಗೆ ಒಂದು ಅಂಗಡಿಯ ಬೋರ್ಡು. "ಕಾಮತ್ ಸಾಹೇಬ್ರು," ಅಂದೆ.

"ಎಲ್ಲಿರತಾರ?"

"ಮಡಗಾಂವದಾಗ."

ಸಿಗ್ನಲ್ ಹಸಿರಾಯಿತು. ಮನುಷ್ಯ ಹುಟ್ಟಿಬಿಟ್ಟ.

ಡಿಸೆಂಬರ್ 3, ಮಂಗಳವಾರ

ಹಳೇ ಗೋವಾದ ಫೆಸ್ತ್, ಚರ್ಚಿನ ಜಾತ್ರೆ. ಚಿಂಬಲ್‌ನಿಂದ ಆಚೆ ಬರುವುದರೊಳಗೆ ಅರ್ಧ ಬೆಳಗು ಹೋಯಿತು. ಜಾಮ್‌ನಲ್ಲಿ ಕೂತು ಇವರು ಮಾತಾಡಿದ್ದೆಲ್ಲ ಕಾಮತ್ ಸಾಹೇಬರ ಬಗ್ಗೆ.

ಈಗ ಅವರಿಗೆ ಸಕ್ಕರೆ ಕಾಯಿಲೆ ಇದೆ. ಅದು ನಾನೇ ಹೇಳಿದ್ದು — ಯಾಕೆ ಕೆಲಸ ನೋಡಲು ಬರುವುದಿಲ್ಲ ಅಂತ ಕೇಳಿದಾಗ. ಸೋಮವಾರಕ್ಕೊಮ್ಮೆ ಮಂಗೇಶಿ ಗುಡಿಗೆ ಹೋಗುತ್ತಾರೆ. ಅದನ್ನು ನಾನು ಹೇಳಿಲ್ಲ, ಗೋಮಿಬಾಯಿಯೇ ಸೇರಿಸಿದ್ದು. ಹೆಂಡತಿ ತೀರಿಕೊಂಡಿದ್ದಾಳಂತೆ. ಅದು ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ.

ಭಾನುವಾರ ರಜೆ ಇಲ್ಲ — ಸಾಹೇಬರು ಹೇಳಿದ್ದಾರೆ. ಊಟಕ್ಕೆ ಅರ್ಧ ಗಂಟೆ ಸಾಕು — ಸಾಹೇಬರು. ಕೆಲಸದ ಹೊತ್ತಿಗೆ ಫೋನ್ ಬೇಡ — ಸಾಹೇಬರು. ಎಷ್ಟು ಸಲೀಸು. ನಾನು ಇವರ ಜೊತೆ ಕೂತು ಅಯ್ಯೋ ಏನ ಮಾಡೂದ್ರಿ ಅಂತ ಮುಖ ಸಣ್ಣ ಮಾಡಿದರೂ ನಡೆಯುತ್ತದೆ.

ಅನೀಸ ಹೇಳಿದಳು, "ಒಂದಿನಾ ಆಧಾರ್ ಕಾರ್ಡ್ ಮಾಡಸಿಬಿಡು ಅವ್ರದು." ತಮಾಷೆ ಹಿಡಿಸಲಿಲ್ಲ.

ಡಿಸೆಂಬರ್ 30, ಸೋಮವಾರ

ಯಳ್ಳ ಅಮಾಸಿ. ಭಾಗವ್ವ ದೊಡ್ಡ ಡಬ್ಬಿ ತಂದಳು. ಸಜ್ಜಿ ರೊಟ್ಟಿ, ಎಣ್ಣಿಗಾಯಿ, ಪುಂಡಿ ಪಲ್ಯ. ನನಗೆ ಅಂದುಕೊಂಡು ಕೈ ಚಾಚಿದೆ.

"ಸಾಹೇಬ್ರಿಗೆ ಮುಟ್ಟಸ್ರಿ. ಹೆಂಡ್ತಿ ಇಲ್ಲದ ಮನಿ. ಸಕ್ಕರಿ ಬ್ಯಾನಿ ಇದ್ದಾವ್ರಿಗೆ ಸಜ್ಜಿ ಚಲೋ."

ಆಫೀಸಿನಲ್ಲಿ ನಾನೂ ಅನೀಸಳೂ ತಿಂದೆವು. ಅವಳು ಬೆರಳು ನೆಕ್ಕುತ್ತಾ ತಿಂದಳು. ನಾನು ಎರಡು ತುತ್ತು ತಿಂದು ಡಬ್ಬಿ ಅವಳ ಕಡೆ ಸರಿಸಿದೆ.

ಇದಕ್ಕಿಂತ ಉರಿದದ್ದು ಸೀರೆಯ ವಿಷಯ. ನಾತಾಳಕ್ಕೆ, ಅಂದರೆ ಕ್ರಿಸ್ಮಸ್ಸಿಗೆ, ಆರು ಮಂದಿಗೂ ಸೀರೆ ಕೊಟ್ಟಿದ್ದೆ. ನಾನೇ ವಾಸ್ಕೋದ ಅಂಗಡಿ ಅಂಗಡಿ ಅಲೆದು, ಬಣ್ಣ ನೋಡಿ, ಯಾರಿಗೆ ಯಾವುದು ಅಂತ ಯೋಚಿಸಿ ತಂದದ್ದು. ಇವತ್ತು ಎಲ್ಲರೂ ಉಟ್ಟು ಬಂದಿದ್ದರು. ಹಿಂದಿನ ಸೀಟಿನಲ್ಲಿ ಗುಸುಗುಸು. ಕಿವಿ ಚುರುಕಿದ್ದರೆ ಕಷ್ಟ. "ಸಾಹೇಬ್ರು ಇನ್ನೂ ಭಾರಿ ಸೀರಿ ಕಳಿಸಿರಬೇಕು. ಈ ಬಾಯಿ ನಡುವ ಬದ್ಲಿ ಮಾಡ್ಯಾಳ."

ಗಾಡಿ ನಿಲ್ಲಿಸಿ ಇಳಿಸಿಬಿಡಲೇ ಅನ್ನಿಸಿತು. ಇಲ್ಲ ಅಂದದ್ದೆಲ್ಲ ಸಾಹೇಬರ ತಲೆಗೆ ಕಟ್ಟಿದೆ. ಕೊಟ್ಟದ್ದೂ ಅವರ ಲೆಕ್ಕಕ್ಕೇ ಹೋಗುತ್ತಿದೆ. ಸಾಹೇಬರು ಬೇಡ ಅಂದರೂ ಅವರು ಪಾಪ ಒಳ್ಳೆಯವರು, ನಾನೇ ಅವರಿಗೆ ಸರಿಯಾಗಿ ಹೇಳಿಲ್ಲವಂತೆ. ಎಲ್ಲಾ ದಿಕ್ಕಿನಿಂದಲೂ ಕೆಟ್ಟವಳು ನಾನು. ಇಲ್ಲದ ಮನುಷ್ಯನ ಮೇಲೆ ನನಗೆ ಹೊಟ್ಟೆಕಿಚ್ಚು. ನಿಜವಾಗಿಯೂ ಹೊಟ್ಟೆಕಿಚ್ಚು.

ಜನವರಿ 20, ಸೋಮವಾರ

ಭಾಗವ್ವ ಬಿದ್ದಳು. ಮೂರನೇ ಮಹಡಿಯ ಖಾಲಿ ಫ್ಲಾಟು, ಬಾತ್‌ರೂಮಿನಲ್ಲಿ ಸೋಪಿನ ನೀರು. ಬಲಗೈ ಊರಿದ್ದಾಳೆ. ಮಣಿಕಟ್ಟು ಮುರಿದಿದೆ. ಇಡೀ ದಿನ ಆಸ್ಪತ್ರೆಯಲ್ಲಿ ಅವಳ ಪಕ್ಕ ಕೂತೆ. ಅವಳು ಅತ್ತದ್ದು ನೋವಿಗಲ್ಲ.

"ಕೆಲಸಾ ಹೋಗತೈತೇನ್ರಿ ಬಾಯಾರ?"

"ಮೊದಲ ಕೈ ನೋಡ್ಕೊಳ್ರಿ."

"ಗಾರಿ ಕೆಲಸಕ್ಕ ತಿರಗಿ ಹೋಗಾಕ ನನ್ನ ಕೈಲೆ ಆಗೂದಿಲ್ರಿ. ತಲೀ ಮ್ಯಾಲ ಬುಟ್ಟಿ ಹೊತ್ರ ಕಣ್ಣ ಕತ್ಲಿ ಬರತೈತಿ. ಇದೊಂದ ಚಲೋ ಸಿಕ್ಕಿತ್ತು." ಗಂಡ ಇಲ್ಲ. ಮಗಳು ಮುತ್ತು ಮತ್ತು ಅವಳ ಎರಡು ಕೂಸುಗಳು ಇವಳ ಜೊತೆಗೇ ಇದ್ದಾರೆ. ಇಷ್ಟು ದಿನ ಪಕ್ಕದಲ್ಲಿ ಕೂರಿಸಿಕೊಂಡು ಬಂದೆ, ಇದು ಇವತ್ತು ಗೊತ್ತಾಯಿತು.

ಆಸ್ಪತ್ರೆಯ ಖರ್ಚು ಕಂಪನಿ ನೋಡಿತು. ಸಾಹೇಬರು ದೇವರಂಥವರು ಅಂತ ಮುತ್ತು ನನ್ನ ಮುಂದೆಯೇ ಕೈ ಮುಗಿದಳು.

ಜನವರಿ 27, ಸೋಮವಾರ

ಪ್ಲಾಸ್ಟರ್ ಹಾಕಿದ ಕೈಯಲ್ಲೇ ಕೆಲಸಕ್ಕೆ ಬಂದಳು. ಬೇಡ ಅಂದರೂ ಮುಂದಿನ ಸೀಟು ಹತ್ತಿದಳು. ಎಡಗೈಯಲ್ಲಿ ಮೆಟ್ಟಿಲು ಒರೆಸಿದಳು. ಚೆನ್ನಾಗಿ ಒರೆಸಲಿಲ್ಲ. ಹೇಗೆ ಒರೆಸುತ್ತಾಳೆ?

ಮಧ್ಯಾಹ್ನ ಸೆಕ್ರೆಟರಿಯ ಫೋನ್. ಕೈ ಮುರಿದವಳನ್ನು ಕೆಲಸಕ್ಕೆ ಹಚ್ಚಿದ್ದೀರಿ, ಮೆಟ್ಟಿಲಲ್ಲಿ ಇನ್ನೊಮ್ಮೆ ಬಿದ್ದರೆ ಯಾರು ಹೊಣೆ, ನಾಳೆಯಿಂದ ಅವಳು ಕಂಡರೆ ಕಾಂಟ್ರಾಕ್ಟ್ ಬೇರೆಯವರಿಗೆ. ಅವನು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಸಂಜೆ ಚಿಂಬಲ್‌ನಲ್ಲಿ ಇಳಿಸುವಾಗ ಹೇಳಿದೆ. ಅವಳ ಮುಖ ನೋಡದೆ, ಸ್ಟೀರಿಂಗ್ ನೋಡುತ್ತಾ. "ಭಾಗವ್ವಕ್ಕಾ, ನಾಳಿಂದ ಬರಬ್ಯಾಡ್ರಿ. ಸಾಹೇಬ್ರು ಬ್ಯಾಡ ಅಂದ್ರು."

"ಕೈ ನೆಟ್ಟಗಾದ ಮ್ಯಾಲ?"

"ಅದನ್ನೂ ಸಾಹೇಬ್ರ ಹೇಳಬೇಕು."

"ನೀವು ಸರಿಯಾಗಿ ಹೇಳೀರೇನ್ರಿ ಅವ್ರಿಗೆ?"

"ಹೇಳೇನ್ರಿ."

ಇಳಿದು ಹೋದಳು. ಡೋರ್ ಹಾಕಲು ಎಡಗೈಗೆ ಬರಲಿಲ್ಲ. ನಾನೇ ಬಗ್ಗಿ ಎಳೆದುಕೊಂಡೆ.

ಜನವರಿ 30, ಗುರುವಾರ, ಬೆಳಿಗ್ಗೆ

ಗೋಮಿಬಾಯಿ ಗಾಡಿ ಹತ್ತುತ್ತಲೇ ಹೇಳಿದಳು. "ಭಾಗವ್ವ ಮಡಗಾಂವಿಗೆ ಹೋಗ್ಯಾಳ್ರಿ. ಸಾಹೇಬ್ರ ಕಾಲ ಹಿಡದ ಕೇಳತೇನಿ ಅಂದ್ಲು."

"ವಿಳಾಸ?"

"ಕಾಮತ್ ಸಾಹೇಬ್ರ ಮನಿ ಅಂತ ಕೇಳಕೋತ ಹೋದ್ರ ಆತ ಅಂದ್ಲು. ದೊಡ್ಡ ಮಂದಿ, ಎಲ್ಲಾರಿಗೂ ಗೊತ್ತಿರತೈತಿ."

ಇವರನ್ನು ದೋನಾ ಪಾವ್ಲಾದಲ್ಲಿ ಇಳಿಸಿ ಮಡಗಾಂವಿಗೆ ಹೊರಟೆ. ಇದನ್ನು ಬರೆಯುತ್ತಿರುವುದು ಪೆಟ್ರೋಲ್ ಪಂಪಿನಲ್ಲಿ.

ಅದೇ ದಿನ, ಸಂಜೆ

ಸಿಗಲಿಲ್ಲ. ಬಸ್ ಸ್ಟ್ಯಾಂಡು, ಮಾರ್ಕೆಟ್ಟು, ಮುನಿಸಿಪಾಲಿಟಿ ಎದುರಿನ ತೋಟ. ಮಡಗಾಂವದಲ್ಲಿ ಎಷ್ಟು ಕಾಮತರು. ಔಷಧದ ಕಾಮತ್, ಬಟ್ಟೆಯ ಕಾಮತ್, ವಕೀಲ ಕಾಮತ್. ಅಂಗಡಿ ಹೊಕ್ಕು ಕೇಳಿದೆ — ಕೈಗೆ ಪ್ಲಾಸ್ಟರ್ ಹಾಕಿದ ಹೆಂಗಸು ಬಂದಿದ್ದಳೇ? ಔಷಧದ ಅಂಗಡಿಯವ ಹೌದು ಅಂದ. "ಬಂದಿದ್ದಳು. ಸಾಹೇಬ್, ನನ್ನ ಕೆಲಸ ತೆಗೀಬೇಡಿ ಅಂದಳು. ನಾನು ನಿನ್ನ ಸಾಹೇಬ ಅಲ್ಲಮ್ಮಾ ಅಂದೆ. ಎಷ್ಟು ಹೇಳಿದರೂ ನಂಬಲಿಲ್ಲ." ಬಟ್ಟೆ ಅಂಗಡಿಗೂ ಬಂದಿದ್ದಳು. ಅಲ್ಲಿ ಭಿಕ್ಷೆ ಅಂದುಕೊಂಡು ಚಿಲ್ಲರೆ ಕೊಟ್ಟರಂತೆ. ತಗೊಳ್ಳಲಿಲ್ಲವಂತೆ.

ಆ ಅಂಗಡಿಯ ಎದುರು ಫುಟ್‌ಪಾತಿನಲ್ಲಿ ನಿಂತು ಅತ್ತೆ. ನನ್ನ ಮೇಲೆ ಅಸಹ್ಯ ಬಂತು.

ಮನೆಯಲ್ಲಿ ಅವ್ವನಿಗೆ ಎಲ್ಲಾ ಹೇಳಿದೆ. ಅವ್ವ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ನಿಲ್ಲಿಸಲಿಲ್ಲ. "ನಾ ಇಲ್ಲೇ ಬಂದಾಗಿಂದ ದುಡದೇನಿ. ಕೂಲಿ ಹೆಚ್ಚ ಮಾಡ್ರಿ ಅಂದ್ರ ಕೆಲಸಾ ಮಾಡಸೂ ಮುಕಾದಮ, ಸೇಠನ್ನ ಕೇಳತೇನಿ ಅಂತಿದ್ದ. ಮರದಿನಾ ಸೇಠ ಬ್ಯಾಡ ಅಂದ ಅಂತಿದ್ದ. ಆ ಸೇಠನ ಮಾರಿ ನಾ ಒಂದ ದಿನಾನೂ ನೋಡಿಲ್ಲ."

ಸಿಪ್ಪೆ ಒಂದು ಕಡೆ ಸರಿಸಿ — "ಇದ್ದನೋ ಇಲ್ಲೋ, ಯಾರಿಗಿ ಗೊತ್ತು."

ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಜನವರಿ 31, ಶುಕ್ರವಾರ

ಬೆಳಿಗ್ಗೆ ಚಿಂಬಲ್‌ನ ಚಹಾದಂಗಡಿ ಹತ್ತಿರ ಗಾಡಿ ನಿಲ್ಲಿಸಿದರೆ ಎಲ್ಲರ ಮುಂದೆ ಭಾಗವ್ವ. ನಾತಾಳದ ಸೀರೆ ಉಟ್ಟಿದ್ದಾಳೆ. ಜೀವ ಬಂದ ಹಾಗಾಯಿತು. ಹೇಳಿಬಿಡಬೇಕು, ಈಗಲೇ, ಅಂತ ಇಳಿದೆ.

ಅವಳೇ ಮೊದಲು ಮಾತಾಡಿದಳು, ಎಲ್ಲರಿಗೂ ಕೇಳುವ ಹಾಗೆ. "ಸಾಹೇಬ್ರು ಸಿಕ್ಕಿದ್ರು ಬಾಯಾರ."

ಗಾಡಿಯ ಬಾಗಿಲು ಹಿಡಿದು ನಿಂತೆ.

"ಭಾಳ ಚಲೋ ಮನಷ್ಯಾ. ಚಾ ಕುಡಿಸಿದ್ರು. ಕೈ ನೋಡಿ ಚುಚ್ ಚುಚ್ ಅಂದ್ರು. ಕೆಲಸಾ ಮಾಡವ್ವಾ, ಯಾಂವ ಬ್ಯಾಡ ಅಂತಾನ, ಮ್ಯಾನೇಜರ್ ಬಾಯಿಗೆ ಹೇಳು ಅಂದ್ರು." ಮುಂದಿನ ಸೀಟು ಹತ್ತಿ ಕೂತಳು. "ಮತ್ತ ಊಟಕ್ಕ ಒಂದ ತಾಸ ಕೊಡ್ರಿ ಅಂದಾರ."

ಹಿಂದಿನಿಂದ ಐದೂ ಮಂದಿ ಖುಷಿಯಲ್ಲಿ ಕೂಗಿದರು. ಗಾಡಿ ಓಡಿಸಿದೆ. ಇನ್ನೇನು ಮಾಡಲಿ. ಇಡೀ ದಿನ ಅವಳನ್ನು ಗಾಡಿಯಲ್ಲೇ ಕೂರಿಸಿ, ಅವಳ ಪಾಲಿನ ಮೆಟ್ಟಿಲು ನಾನು ಒರೆಸಿದೆ. ಮ್ಯಾನೇಜರ್ ಕಾರ್ಡು ಜೇಬಿನಲ್ಲಿ, ಮಾಪ್ ಕೈಯಲ್ಲಿ. ಸೆಕ್ರೆಟರಿ ನೋಡಿ, ಒರೆಸಿದ ಮೆಟ್ಟಿಲು ದಾಟಿ ಹೋದ.

ಅನೀಸ ಹೇಳುತ್ತಾಳೆ — ಯಾವನೋ ಒಬ್ಬ ಕಾಮತ್ ಕಾಟ ತಾಳದೆ ಹೂಂ ಹೂಂ ಅಂದು ಕಳಿಸಿರಬೇಕು. ಇದ್ದರೂ ಇರಬಹುದು. ಇಲ್ಲದೆಯೂ ಇರಬಹುದು.

ಫೆಬ್ರವರಿ 3, ಸೋಮವಾರ

ಒಂದು ತಾಸು ಊಟ. ಮೊಬೈಲ್ ಬಿಡುವುದಿಲ್ಲ — ಸಾಹೇಬರು ಭಾಗವ್ವನಿಗೆ ಹೇಳಿದ್ದಾರಂತೆ. ಭಾನುವಾರ ನಾಲ್ವರು ಬರಲಿಲ್ಲ — ಸಾಹೇಬರು. ಭಾಗವ್ವ ಹೇಳುತ್ತಾಳೆ, ಇವರು ಮಾಡುತ್ತಾರೆ. ನಾನು ಹುಟ್ಟಿಸಿದ ಮನುಷ್ಯ, ಈಗ ಅವಳ ಕೈಯಲ್ಲಿದ್ದಾನೆ. ನಾಳೆ ನನ್ನನ್ನೇ ತೆಗೆದುಹಾಕು ಅಂದರೂ ಅಂದಾನು.

ಮಧ್ಯಾಹ್ನ ಉಳಿದವರೆಲ್ಲ ಮೇಲಿದ್ದರು. ಗಾಡಿಯಲ್ಲಿ ನಾವಿಬ್ಬರೇ. ಕೇಳಿಯೇಬಿಟ್ಟೆ. "ಭಾಗವ್ವಕ್ಕಾ, ಸಾಹೇಬ್ರು ನೋಡಾಕ ಹ್ಯಾಂಗಿದ್ರು?"

ಅವಳು ತಿರುಗಿ ನನ್ನ ಮುಖವನ್ನೇ ನೋಡಿದಳು. "ನೀವ ನೋಡಿಲ್ಲೇನ್ರಿ, ಬಾಯಾರ?"

ಗೊತ್ತಾಗಿದೆ ಅವಳಿಗೆ. ಪೂರ್ತಿ ಗೊತ್ತಾಗಿದೆ. ಮಡಗಾಂವದಲ್ಲಿ ಅಂಗಡಿ ಅಂಗಡಿ ಸುತ್ತುವಾಗಲೇ ಗೊತ್ತಾಗಿರಬೇಕು. ಆದರೂ ಯಾರಿಗೂ ಹೇಳಿಲ್ಲ. ನಾಲ್ಕು ದಿನದಿಂದ ನನ್ನ ಪಕ್ಕದಲ್ಲೇ ಕೂತು ಬರುತ್ತಿದ್ದಾಳೆ, ನಾನು ಏನು ಹೇಳುತ್ತೇನೆ ಅಂತ ಕಾಯುತ್ತಾ.

ಸಂಜೆ ಅನೀಸಳಿಗೆ ಹೇಳಿದೆ, ನಾಳೆ ಹೇಳಿಬಿಡುತ್ತೇನೆ ಅಂತ. ಅವಳು ಒಮ್ಮೆಲೇ ಗಂಭೀರ. "ಹೇಳಿದ ಮ್ಯಾಲ ಬ್ಯಾಡ ಅನ್ನಾಕ ನಿನಗ ಯಾರೂ ಇರೂದಿಲ್ಲ ನೋಡು. ಎಲ್ಲಾ ನೀನ ಅನ್ನಬೇಕು. ಆಗತೈತೇನ?" ಗೊತ್ತಿಲ್ಲ ಅಂದೆ. "ಆರೂ ಮಂದಿ ಬಿಟ್ಟ ಹೋದ್ರ?" ಅದೂ ಗೊತ್ತಿಲ್ಲ.

ಬ್ಯಾಟರಿ ಇನ್ನೂ ಬದಲಿಸಿಲ್ಲ. ಒಂದು ಬಿಳಿ ಹಾಳೆ ತಗೊಂಡು ಹೆಸರು ಬರೆದೆ, ಅದರ ಕೆಳಗೆ ಫೌಂಡರ್ ಅಂತ ಬರೆದೆ. ಹೊಡೆದು ಹಾಕಿದೆ. ಮಾಲಕಿ ಅಂತ ಬರೆದೆ. ಓದಿ ನೋಡಿದರೆ ಯಾರದೋ ಬಗ್ಗೆ ಬರೆದ ಹಾಗಿದೆ.

ಫೆಬ್ರವರಿ 4, ಮಂಗಳವಾರ

ಹೇಳಿದೆ. ಚಹಾದಂಗಡಿ ಎದುರಿಗೇ, ಯಾರೂ ಗಾಡಿ ಹತ್ತುವ ಮೊದಲು. ರಾತ್ರಿಯೆಲ್ಲ ಮಾತು ಜೋಡಿಸಿಟ್ಟಿದ್ದೆ, ಒಂದೂ ನೆನಪಿಗೆ ಬರಲಿಲ್ಲ.

"ಕಾಮತ್ ಸಾಹೇಬ್ರು ಅನ್ನೂ ಮನಷ್ಯಾ ಇಲ್ರಿ. ಕಂಪನಿ ನಂದು. ನಾನೂ ಅನೀಸಾನೂ ಕೂಡಿ ನಡಸ್ತೇವಿ. ರಜಾ ಇಲ್ಲ ಅಂದಾಕಿ ನಾನ. ಅರ್ಧ ತಾಸ ಊಟಾ ಅಂದಾಕಿ ನಾನ." ಸುಮ್ಮನಿರಲು ಆಗಲಿಲ್ಲ — "ಸೀರಿ ಕೊಟ್ಟಾಕೀನೂ ನಾನ."

ಚಹಾದಂಗಡಿಯವನು ಸ್ಟವ್ ಸಣ್ಣ ಮಾಡಿ ಕೇಳುತ್ತಾ ನಿಂತ.

ಗೋಮಿಬಾಯಿ ಮೆಲ್ಲಗೆ, "ಹಂಗಾರ ಸೋಮಾರಕ್ಕೊಮ್ಮಿ ಮಂಗೇಶಿಗೆ ಹೋಗಾಂವ ಯಾರ್ರಿ?"

"ಯಾರೂ ಇಲ್ಲ, ಗೋಮಿ."

ಅವಳ ಮುಖ ಸಣ್ಣದಾಯಿತು, ಅವಳ ಮನೆಯವರು ಯಾರೋ ಹೋದ ಹಾಗೆ. ಒಬ್ಬಳು ಪಕ್ಕಕ್ಕೆ ಉಗುಳಿದಳು. ಇನ್ನೊಬ್ಬಳು, "ನಮ್ಮನ್ನ ಇಷ್ಟ ದಿನಾ ಆಡಿಸಿದ್ಲು," ಅಂದಳು. ನನ್ನ ಎದುರಿಗೇ ಅಂದಳು. ನಾಚಿಕೆಯಾಯಿತು. ಆದರೂ ಅಲ್ಲೇ ನಿಂತಿದ್ದೆ.

ಭಾಗವ್ವ ಮುಂದೆ ಬಂದಳು. ಪ್ಲಾಸ್ಟರ್ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು. ಬಾಯಾರ ಅನ್ನಲಿಲ್ಲ.

"ಆತು. ಈಗ ನಿನ್ನ ಕೇಳತೇನಿ. ನಾ ಕೆಲಸಕ್ಕ ಬರ್ಲ್ಯೋ ಬ್ಯಾಡೋ?"

ಐದು ಮಂದಿ ನೋಡುತ್ತಿದ್ದಾರೆ. ಬರ್ರಿ ಅಂದರೆ ಸೊಸೈಟಿ ಹೋಗುತ್ತದೆ, ಅದರ ಹಿಂದೆ ಈ ಐವರ ಕೆಲಸವೂ ಹೋಗುತ್ತದೆ. ಬ್ಯಾಡ ಅಂದರೆ ಇವಳು. ಹಿಂದೆ ತಿರುಗಿ ನೋಡಲು ಯಾರೂ ಇರಲಿಲ್ಲ.

"ಬ್ಯಾಡ್ರಿ," ಅಂದೆ. ಈ ಸಲ ಮುಖ ನೋಡಿ ಅಂದೆ. "ಕೈ ಕೂಡೂತನಾ ಬ್ಯಾಡ. ಕೂಡಿದ ಮರದಿನಾ ಬರ್ರಿ, ನಿಮ್ಮ ಕೆಲಸಾ ನಿಮಗ ಇಟ್ಟಿರತೇನಿ. ಅಲ್ಲಿತನಾ ಅರ್ಧ ಪಗಾರ ಮನಿಗಿ ಮುಟ್ಟತೈತಿ. ಪೂರಾ ಕೊಡಾಕ ನನ್ನ ಕೈಲೆ ಆಗೂದಿಲ್ಲ."

ಭಾಗವ್ವ ಚಹಾದಂಗಡಿಯ ಬೆಂಚಿನ ಮೇಲೆ ಕೂತಳು.

"ಇಷ್ಟ ಮಾತ ನಿನ್ನ ಬಾಯಾಗ ಕೇಳಾಕ ನಾ ಮಡಗಾಂವಿಗೆ ಹೋಗಿ ಬರಬೇಕಾತ ನೋಡವ್ವಾ."

ಗಾಡಿ ಬಾಗಿಲು ತೆಗೆದೆ. ಯಾರೂ ಹತ್ತಲಿಲ್ಲ. ಹೋದರು, ಆರೂ ಮಂದಿ ಹೋದರು ಅಂದುಕೊಂಡೆ. ಅಷ್ಟರಲ್ಲಿ ಗೋಮಿಬಾಯಿ ನನ್ನ ಎದುರಿಗೆ ಬಂದು ನಿಂತಳು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. ತಮ್ಮನ ಮದುವೆಯಂತೆ, ಊರಿಗೆ ಹೋಗಬೇಕಂತೆ, ಎಂಟು ದಿನ ಬೇಕಂತೆ. ಅವಳ ಹಿಂದೆ ಇನ್ನಿಬ್ಬರು ಸಾಲಾಗಿ ನಿಂತರು. ಅವರಿಗೂ ಏನೋ ಬೇಕು. ಗೋಮಿಬಾಯಿಗೆ ನಾನು ಹೇಳಿದ್ದು — "ಎಂಟ ದಿನಾ ಆಗೂದಿಲ್ಲ, ಗೋಮಿ. ಐದ ದಿನಾ ಕೊಡತೇನಿ, ನಾನ."